ಒತ್ತುವ ಗುಂಡಿಯೋ, ಬೀಳುವ ಗುಂಡಿಯೋ?

ಫೋನಿನ ಪರದೆ ಚಪ್ಪಟೆ ಗಾಜು. ಆದರೂ ಅದರ ಮೇಲೆ ಒಂದು ಚೌಕ ಎದ್ದು ನಿಂತಂತೆಯೂ ಇನ್ನೊಂದು ಒಳಗೆ ಕುಸಿದಂತೆಯೂ ಕಾಣುತ್ತದೆ. ಇದೆಲ್ಲ ನೆರಳಿನ ಆಟ. ಈ ಆಟಕ್ಕೆ ನಿಯಮವಿಲ್ಲದೆ ಹೋದರೆ ಸೋಲುವವರು ಯಾರು?

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆ ಒಂದು ಕುಟುಂಬವಿದೆ. ಒಂದಿಷ್ಟು ತೆಂಗಿನ ತೋಟ, ಎರಡು ಹಸು, ಪಿಯುಸಿ ಓದುವ ಒಬ್ಬಳೇ ಮಗಳು. ಓದಿನ ಖರ್ಚಿಗೆ ನೆರವು ಕೋರಿ ಆಕೆ ಅಪ್ಪನ ಫೋನಿನಲ್ಲೇ ಒಂದು ಅರ್ಜಿ ತುಂಬಿದಳು. ಹೆಸರು, ಅಂಕ, ಆದಾಯ ಪ್ರಮಾಣಪತ್ರ, ಬ್ಯಾಂಕಿನ ಖಾತೆ ಎಲ್ಲವೂ ಸರಿಯಾಗಿತ್ತು. ಕೊನೆಯ ಪುಟದಲ್ಲಿ ‘ನಿಮ್ಮ ವಿವರಗಳನ್ನು ಉಳಿಸಲಾಗಿದೆ’ ಎಂಬ ದೊಡ್ಡ ಚೌಕವಿತ್ತು. ಅದರ ಸುತ್ತ ದಟ್ಟ ನೆರಳು. ಬೆರಳಿಟ್ಟರೆ ಒಳಗೆ ಹೋಗುತ್ತದೆ ಎನ್ನುವಂಥ ಉಬ್ಬು. ತಂದೆ ಮಗಳು ಅದನ್ನೇ ಒತ್ತಿ, ಕೆಲಸ ಮುಗಿಯಿತೆಂದು ಫೋನು ಕೆಳಗಿಟ್ಟರು.

ನಿಜವಾದ ಗುಂಡಿ ಅದಾಗಿರಲಿಲ್ಲ. ಪುಟದ ತಳದಲ್ಲಿ ತೆಳು ನೀಲಿಯಲ್ಲಿ ‘ಸಲ್ಲಿಸಿ’ ಎಂಬ ಮೂರಕ್ಷರದ ಪದವಿತ್ತು. ಅದಕ್ಕೆ ಅಂಚಿಲ್ಲ, ನೆರಳಿಲ್ಲ, ಅದು ಒತ್ತುವ ವಸ್ತು ಎನ್ನುವ ಯಾವ ಗುರುತೂ ಇಲ್ಲ. ಆಯ್ಕೆಯಾದವರ ಪಟ್ಟಿ ಬಂದಾಗ ಹುಡುಗಿಯ ಹೆಸರಿರಲಿಲ್ಲ. ವಿಚಾರಿಸಿದರೆ, ‘ಅರ್ಜಿ ಅರ್ಧಕ್ಕೇ ನಿಂತಿದೆ, ಸಲ್ಲಿಸಿಯೇ ಇಲ್ಲ’ ಎಂಬ ಉತ್ತರ ಬಂತು.

“ನಂದೇ ತಪ್ಪು ಸಾರ್, ಸರಿಯಾಗಿ ನೋಡ್ಲಿಲ್ಲ” ಎಂದು ಹುಡುಗಿ ಅತ್ತಳು. ಅವಳ ತಂದೆ ಮಾತ್ರ ನನ್ನತ್ತ ತಿರುಗಿ, “ಅಲ್ಲ ಮೇಷ್ಟ್ರೇ, ಅದು ಗುಂಡಿ ಅಂತ ನಮ್ಗೆ ಹೆಂಗ್ ಗೊತ್ತಾಗ್ಬೇಕು?” ಎಂದು ಕೇಳಿದರು.

ಪ್ರಶ್ನೆ ಸರಳವಾಗಿದೆ. ಆದರೆ ಅದರ ಉತ್ತರ ಹುಡುಕುತ್ತ ಹೊರಟರೆ ಸೂರ್ಯನಿಂದ ಹಿಡಿದು ನಮ್ಮ ಮೆದುಳಿನವರೆಗೆ, ತೊಗಲುಗೊಂಬೆಯಿಂದ ಹಿಡಿದು ಇವತ್ತಿನ ಫೋನಿನವರೆಗೆ ಒಂದು ಸುತ್ತು ಹಾಕಿ ಬರಬೇಕಾಗುತ್ತದೆ. ನಮ್ಮ ಭಾಷೆಯಲ್ಲಂತೂ ಒಂದು ತಮಾಷೆಯೇ ಇದೆ. ಉಬ್ಬಿಕೊಂಡಿರುವ ಬಟನ್ನನ್ನೂ ಗುಂಡಿ ಎನ್ನುತ್ತೇವೆ, ತಗ್ಗನ್ನೂ ಗುಂಡಿ ಎನ್ನುತ್ತೇವೆ! ಇವೆರಡರಲ್ಲಿ ಯಾವುದು ಯಾವುದೆಂದು ಕಣ್ಣಿಗೆ ಹೇಳುವುದು ನೆರಳು.

ಮೇಲಿರುವ ಒಂದೇ ದೀಪ

ಮನುಷ್ಯನ ಕಣ್ಣು ಬೆಳೆದದ್ದು ಸೂರ್ಯನ ಕೆಳಗೆ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂಬ ನಂಬಿಕೆ ನಮ್ಮ ಮೆದುಳಿನಲ್ಲಿ ಬೇರೂರಿದೆ. ಆದ್ದರಿಂದ ಮೇಲಂಚು ಬೆಳ್ಳಗೆ, ಕೆಳಂಚು ಕಪ್ಪಗೆ ಇದ್ದರೆ ‘ಇದು ಉಬ್ಬು’ ಎನ್ನುತ್ತದೆ ಮೆದುಳು. ಮೇಲಂಚು ಕಪ್ಪಗಿದ್ದು ಕೆಳಂಚು ಬೆಳ್ಳಗಿದ್ದರೆ ‘ಇದು ತಗ್ಗು’ ಎನ್ನುತ್ತದೆ. ಇದಕ್ಕಾಗಿ ನಾವು ಯೋಚಿಸಬೇಕಾಗಿಯೇ ಇಲ್ಲ. ಕ್ಷಣಾರ್ಧದಲ್ಲಿ ತೀರ್ಪು ಹೊರಬಿದ್ದಿರುತ್ತದೆ.

ನಂಬಿಕೆಯಾಗದಿದ್ದರೆ ಒಂದು ಶಿಲಾಶಾಸನದ ಫೋಟೋ ಹುಡುಕಿ. ನಮ್ಮ ಚಿತ್ರದುರ್ಗ ಜಿಲ್ಲೆಗೆ ಶಾಸನಗಳ ಬರವಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆ ಹಚ್ಚಿದರೆಂಬುದನ್ನು ಪಠ್ಯದಲ್ಲಿ ಓದಿರುತ್ತೀರಿ. ಕಲ್ಲಿನಲ್ಲಿ ಕೊರೆದ ಅಕ್ಷರ ನಡುಮಧ್ಯಾಹ್ನದ ನೆತ್ತಿಯ ಬಿಸಿಲಿಗೆ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬಿದ್ದಾಗ ಪ್ರತಿ ಗೆರೆಗೂ ನೆರಳು ಹುಟ್ಟಿ, ಅಕ್ಷರಗಳು ಎದ್ದು ಕಾಣುತ್ತವೆ. ಬೆಳಕು ಮೇಲಿನಿಂದ ಬಿದ್ದಿರುವ ಅಂಥ ಒಂದು ಫೋಟೋವನ್ನು ತಲೆಕೆಳಗು ಮಾಡಿ ನೋಡಿ. ಕೊರೆದ ಅಕ್ಷರಗಳು ಉಬ್ಬಿದಂತೆ ಕಂಡರೆ ಆಶ್ಚರ್ಯಪಡಬೇಡಿ! ಕಲ್ಲು ಬದಲಾಗಿಲ್ಲ, ಫೋಟೋ ಬದಲಾಗಿಲ್ಲ. ಬೆಳಕು ಈಗಲೂ ಮೇಲಿನಿಂದಲೇ ಬರುತ್ತಿದೆ ಎಂದು ಮೆದುಳು ಹಟ ಹಿಡಿದಿದೆ, ಅಷ್ಟೆ.

ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಬೆಳಕು ಮೇಲಿನಿಂದ ಬರುತ್ತದೆಂದು ಮೆದುಳು ಭಾವಿಸುವುದಷ್ಟೇ ಅಲ್ಲ, ಇಡೀ ದೃಶ್ಯಕ್ಕೆ ಬೆಳಕಿನ ಮೂಲ ಒಂದೇ ಎಂದೂ ಭಾವಿಸುತ್ತದೆ ಎಂಬುದು ಅವರು ತೋರಿಸಿಕೊಟ್ಟ ಸಂಗತಿ. ಒಂದೇ ಚಿತ್ರದಲ್ಲಿ ಕೆಲವು ಬಿಲ್ಲೆಗಳಿಗೆ ಎಡದಿಂದ, ಕೆಲವಕ್ಕೆ ಬಲದಿಂದ ಬೆಳಕು ಬಿದ್ದಂತೆ ಬಣ್ಣ ತುಂಬಿದರೆ, ‘ಇಲ್ಲಿ ಎರಡು ದೀಪಗಳಿವೆ’ ಎಂದು ನೋಡುಗನಿಗೆ ಅನ್ನಿಸುವುದಿಲ್ಲ. ಒಂದು ಗುಂಪು ಉಬ್ಬಾಗಿಯೂ ಇನ್ನೊಂದು ಗುಂಪು ತಗ್ಗಾಗಿಯೂ ಕಾಣುತ್ತದೆ!

ಈ ಮಾತನ್ನು ನೆನಪಿಟ್ಟುಕೊಳ್ಳಿ. ಪರದೆಯ ವಿನ್ಯಾಸದ ಮೊದಲ ನಿಯಮ ಇಲ್ಲಿಂದಲೇ ಹುಟ್ಟುತ್ತದೆ: ದೀಪ ಒಂದೇ ಇರಬೇಕು, ಅದು ಮೇಲಿರಬೇಕು, ಜಾಗ ಬದಲಿಸಬಾರದು.

ಹದ್ದಿನ ನೆರಳು ಎಲ್ಲಿ ಹೋಯಿತು?

ಉಬ್ಬು ತಗ್ಗುಗಳ ಮಾತಾಯಿತು. ಎಷ್ಟು ಎತ್ತರ ಎಂಬುದು ತಿಳಿಯುವುದು ಹೇಗೆ?

ಬಿಸಿಲಿನಲ್ಲಿ ಅಂಗಳಕ್ಕೆ ಬನ್ನಿ. ಅಂಗೈಯನ್ನು ನೆಲಕ್ಕೆ ತಾಗಿಸುವಷ್ಟು ಹತ್ತಿರ ಹಿಡಿಯಿರಿ. ನೆರಳಿನ ಅಂಚು ಕತ್ತರಿಸಿದಷ್ಟು ಚೂಪಾಗಿರುತ್ತದೆ. ಈಗ ನಿಧಾನವಾಗಿ ಕೈ ಎತ್ತುತ್ತ ಹೋಗಿ. ಅಂಚು ಮಸುಕಾಗುತ್ತದೆ, ಬೆರಳುಗಳ ಸಂದು ತುಂಬಿಕೊಳ್ಳುತ್ತದೆ, ಕಪ್ಪು ತಿಳಿಯಾಗುತ್ತದೆ. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ತಟ್ಟೆಯ ಒಂದು ಅಂಚಿನ ಬೆಳಕು ಮುಚ್ಚಿ ಹೋಗಿ, ಇನ್ನೊಂದು ಅಂಚಿನ ಬೆಳಕು ಮಾತ್ರ ಬೀಳುವ ಜಾಗದಲ್ಲಿ ಅರೆನೆರಳು ಮೂಡುತ್ತದೆ. ಸೂರ್ಯ ನೆತ್ತಿಯ ಮೇಲಿರುವಾಗ ಒಂದು ಮೀಟರ್ ಎತ್ತರದ ವಸ್ತುವಿಗೆ ಸುಮಾರು 9 ಮಿಲಿಮೀಟರ್ ಅಗಲದ ಮಸುಕು ಅಂಚು ಬರುತ್ತದೆ. ಹತ್ತು ಮೀಟರ್ ಎತ್ತರದ ತೆಂಗಿನ ಗರಿಗೆ 9 ಸೆಂಟಿಮೀಟರ್. ಆದ್ದರಿಂದಲೇ ತೋಟದಲ್ಲಿ ನೆಲದ ಮೇಲಿನ ಹುಲ್ಲಿನ ನೆರಳು ಗೀಚಿದಂತೆ ಸ್ಪಷ್ಟ. ಗರಿಯ ನೆರಳು ಒದ್ದೆ ಬಟ್ಟೆಯ ಮೇಲೆ ಶಾಯಿ ಹರಡಿದ ಹಾಗೆ. ಬಹಳ ಮೇಲೆ ಹಾರುವ ಹದ್ದಿನ ನೆರಳಂತೂ ನೆಲ ಮುಟ್ಟುವ ಹೊತ್ತಿಗೆ ಕರಗಿಯೇ ಹೋಗಿರುತ್ತದೆ. ಅದು ಕೋಳಿಮರಿಗೆ ಹೊಂಚು ಹಾಕಿ ಕೆಳಗಿಳಿಯುವಾಗ ಅಂಗಳದಲ್ಲಿ ನೆರಳು ಗಟ್ಟಿಯಾಗುತ್ತದೆ.

1997ರಲ್ಲಿ ಡೇನಿಯಲ್ ಕರ್ಸ್ಟನ್ ಮತ್ತು ಸಂಗಡಿಗರು ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನ ಪರದೆಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಓರೆಯಾಗಿ ಚಲಿಸುವ ಚೆಂಡು. ನೆರಳು ಚೆಂಡಿಗೆ ಅಂಟಿಕೊಂಡೇ ಸಾಗಿದರೆ, ಚೆಂಡು ಪೆಟ್ಟಿಗೆಯ ನೆಲದ ಮೇಲೆ ಜಾರಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ನೆರಳು ಚೆಂಡಿನಿಂದ ದೂರ ಸರಿಯುತ್ತ ಹೋದರೆ, ಚೆಂಡು ಗಾಳಿಗೆ ಎದ್ದಂತೆ ಕಾಣುತ್ತದೆ. ಎರಡೂ ಸಲ ಚೆಂಡಿನ ದಾರಿ ಒಂದೇ! ಎತ್ತರ ಎಷ್ಟೆಂದು ನಮಗೆ ಹೇಳಿದ್ದು ಚೆಂಡಲ್ಲ, ನೆರಳು.

ಕಣ್ಣು ಓದುವ ನೆರಳಿನ ವ್ಯಾಕರಣ ಇಷ್ಟೇ. ವಸ್ತು ಮೇಲೇರಿದಷ್ಟೂ ನೆರಳು ದೂರ ಸರಿಯುತ್ತದೆ, ಹರಡುತ್ತದೆ, ಮಸುಕಾಗುತ್ತದೆ, ತಿಳಿಯಾಗುತ್ತದೆ.

ಗಣಕಕ್ಕೆ ನೆರಳು ಬಂದ ಕತೆ

ಮೊದಲ ಗಣಕಗಳ ಪರದೆಯಲ್ಲಿ ಅಕ್ಷರಗಳಷ್ಟೇ ಇದ್ದವು. ಚಿತ್ರಗಳು ಬಂದ ಮೇಲೆ ಯಾವುದನ್ನು ಒತ್ತಬೇಕು ಎಂದು ಹೇಳುವ ಅಗತ್ಯ ಬಿತ್ತು. 1990ರಲ್ಲಿ ಬಂದ ವಿಂಡೋಸ್ 3.0ರಲ್ಲಿ ಬೂದು ಬಣ್ಣದ ಬಟನ್ನುಗಳ ಮೇಲಂಚಿಗೂ ಎಡ ಅಂಚಿಗೂ ಬಿಳಿ ಗೆರೆ, ಕೆಳಗೂ ಬಲಕ್ಕೂ ಕಪ್ಪು ಛಾಯೆ. ಒತ್ತಿದಾಗ ಈ ಗೆರೆಗಳು ಬದಲಾಗಿ, ಬಟನ್ನು ಒಳಗೆ ಹೋದಂತೆ ಕಾಣುತ್ತಿತ್ತು. 1995ರ ವಿಂಡೋಸ್ 95 ಈ ರೂಪವನ್ನು ಮನೆಮನೆಗೂ ಮುಟ್ಟಿಸಿತು. ಆಗ ಕಂಪ್ಯೂಟರ್ ಕಲಿತವರಿಗೆ ಎಡ ಮೂಲೆಯ ಮೇಲಿಂದ ಬೆಳಕು ಬೀಳುವ ಆ ಬೂದು ಲೋಕ ಇನ್ನೂ ಕಣ್ಣಿಗೆ ಕಟ್ಟಿದಂತಿರಬಹುದು. ನೋಡಲು ಚೆಂದವೇನೂ ಇರಲಿಲ್ಲ. ಆದರೆ ಯಾವುದು ಬಟನ್ನು, ಯಾವುದು ಬರಿಯ ಬರಹ ಎಂಬ ಅನುಮಾನವೂ ಇರಲಿಲ್ಲ.

2001ರಲ್ಲಿ ಆಪಲ್ ಕಂಪನಿಯ ಮ್ಯಾಕ್ ಓಎಸ್ ಟೆನ್ ಕಿಟಕಿಗಳ ಸುತ್ತ ಮೃದುವಾದ ನೆರಳು ಹರಡಿತು. ಆಮೇಲೆ ಗಾಳಿ ತಿರುಗಿತು. 2012ರ ವಿಂಡೋಸ್ 8, 2013ರ ಐಫೋನಿನ ಐಓಎಸ್ 7, ಎರಡೂ ಉಬ್ಬು ತಗ್ಗುಗಳನ್ನು ಅಳಿಸಿ ಪರದೆಯನ್ನು ಚಪ್ಪಟೆ ಮಾಡಿದವು. ಅಚ್ಚುಕಟ್ಟು ಹೆಚ್ಚಿತು, ನಿಜ. ಆದರೆ ಬರಹಕ್ಕೂ ಬಟನ್ನಿಗೂ ಇದ್ದ ವ್ಯತ್ಯಾಸ ಎಷ್ಟೋ ಕಡೆ ಮಾಯವಾಯಿತು. ನಮ್ಮ ಹುಡುಗಿ ಕಾಣದೇ ಹೋದ ‘ಸಲ್ಲಿಸಿ’ ಎಂಬ ನೀಲಿ ಪದ ಆ ಚಪ್ಪಟೆ ಕಾಲದ ವಂಶಕ್ಕೇ ಸೇರಿದ್ದು.

2014ರಲ್ಲಿ ಗೂಗಲ್ ‘ಮೆಟೀರಿಯಲ್ ಡಿಸೈನ್’ ಎಂಬ ಪದ್ಧತಿಯನ್ನು ಮುಂದಿಟ್ಟಿತು. ಅದರ ಮೂಲ ಕಲ್ಪನೆ ಕಾಗದ. ಪರದೆಯ ಮೇಲಿರುವ ಪ್ರತಿಯೊಂದೂ ಒಂದು ಕಾಗದದ ಹಾಳೆ. ಹಾಳೆಗಳು ಒಂದರ ಮೇಲೊಂದು ಬೇರೆ ಬೇರೆ ಎತ್ತರದಲ್ಲಿ ನಿಂತಿವೆ. ಅವುಗಳ ಮೇಲೆ ಬೆಳಕು ಬೀಳುತ್ತಿದೆ. ನೇರವಾಗಿ ಬೀಳುವ ಮುಖ್ಯ ಬೆಳಕೊಂದು, ಸುತ್ತಲೂ ತುಂಬಿಕೊಂಡಿರುವ ಹಗಲಿನ ಬೆಳಕೊಂದು. ಮೊದಲನೆಯದು ಸ್ಪಷ್ಟ ನೆರಳನ್ನೂ ಎರಡನೆಯದು ಮೃದುವಾದ ನೆರಳನ್ನೂ ಕೊಡುತ್ತದೆ. ನಮ್ಮ ಅಂಗಳದಲ್ಲಿ ನಡೆಯುವುದೂ ಅದೇ ಅಲ್ಲವೇ? ಸೂರ್ಯ ಒಂದು, ಬೆಳಗುವ ಆಕಾಶ ಇನ್ನೊಂದು.

ನಾಲ್ಕು ಮಿಲಿಮೀಟರಿನ ಮಹಡಿಗಳು

ಆ ಪದ್ಧತಿಯ ಹೆಚ್ಚುಗಾರಿಕೆ ಬರಿಯ ನೆರಳಲ್ಲ, ಲೆಕ್ಕ. ಎತ್ತರವನ್ನು ಅಳೆಯಲು ಡಿ.ಪಿ. ಎಂಬ ಮಾನವಿದೆ; ಒಂದು ಅಂಗುಲಕ್ಕೆ 160 ಡಿ.ಪಿ. ಮೊದಲ ಆವೃತ್ತಿಯಲ್ಲಿ ಸುಮ್ಮನೆ ಕುಳಿತಿರುವ ಬಟನ್ನಿನ ಎತ್ತರ 2, ಪುಟದ ತಲೆಪಟ್ಟಿಯದು 4, ತೇಲುವ ದುಂಡು ಬಟನ್ನಿನದು 6, ತೆರೆದುಕೊಳ್ಳುವ ಪಟ್ಟಿಯದು 8, ಪಕ್ಕದಿಂದ ಜಾರಿ ಬರುವ ಫಲಕದ್ದು 16. ‘ಅಳಿಸಲೇ? ಹೌದೋ ಅಲ್ಲವೋ?’ ಎಂದು ಕೇಳುವ ಸಂವಾದದ ಚೌಕದ್ದು ಎಲ್ಲಕ್ಕಿಂತ ಮೇಲೆ, 24. ಲೆಕ್ಕ ಹಾಕಿದರೆ ಈ 24 ಡಿ.ಪಿ. ಎಂಬುದು ನಾಲ್ಕು ಮಿಲಿಮೀಟರಿಗೂ ಕಡಿಮೆ! ಅಷ್ಟರೊಳಗೆ ಇಡೀ ಊರಿನ ಮಹಡಿಗಳು.

2021ರಲ್ಲಿ ಬಂದ ಮೂರನೆಯ ಆವೃತ್ತಿ ಇನ್ನೂ ಸರಳವಾಯಿತು. ಸೊನ್ನೆಯಿಂದ ಐದರವರೆಗೆ ಆರೇ ಮೆಟ್ಟಿಲು. ಎತ್ತರ ಕ್ರಮವಾಗಿ 0, 1, 3, 6, 8, 12. ಮೈಕ್ರೋಸಾಫ್ಟಿನ ‘ಫ್ಲೂಯೆಂಟ್’ ಪದ್ಧತಿಯಲ್ಲೂ ಆರು ನೆರಳುಗಳಿವೆ. ಅವುಗಳ ಹೆಸರಿನಲ್ಲಿರುವ ಅಂಕಿಗಳು 2, 4, 8, 16, 28, 64. ಸಂಖ್ಯೆಗಳು ಬೇರೆ, ಬುದ್ಧಿ ಒಂದೇ. ಮೆಟ್ಟಿಲು ಕಡಿಮೆ ಇರಲಿ. ಒಂದರಿಂದ ಇನ್ನೊಂದು ಕಣ್ಣಿಗೆ ಬೇರೆಯಾಗಿ ಕಾಣುವಷ್ಟು ಅಂತರವಿರಲಿ. ಯಾರು ಯಾವ ಮೆಟ್ಟಿಲ ಮೇಲೆ ನಿಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರಲಿ.

ಈ ಬುದ್ಧಿ ನಮಗೆ ಹೊಸದೇನಲ್ಲ. ಕರ್ನಾಟಕದ ತೊಗಲುಗೊಂಬೆ ಆಟವನ್ನು ನೋಡಿದ್ದೀರಾ? ಬಳ್ಳಾರಿಯ ದಿವಂಗತ ಬೆಳಗಲ್ಲು ವೀರಣ್ಣ ಈ ಕಲೆಯನ್ನು ನಾಡಿನಾಚೆಗೂ ಒಯ್ದವರು. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಜೀವಮಾನವಿಡೀ ಅದನ್ನು ಉಳಿಸಿಕೊಂಡು ಬಂದವರು. ಈ ಆಟದಲ್ಲಿ ಗೊಂಬೆಗಳ ಗಾತ್ರ ಪಾತ್ರದ ಸ್ಥಾನಮಾನಕ್ಕೆ ತಕ್ಕಂತೆ ಇರುತ್ತದೆ. ದೇವರು, ರಾಜರು ದೊಡ್ಡ ಗೊಂಬೆ, ಸೇವಕರು ಚಿಕ್ಕವು. ಯಾರು ದೊಡ್ಡವರು ಎಂದು ಸೂತ್ರಧಾರ ಹೇಳಬೇಕಾಗಿಯೇ ಇಲ್ಲ. ಇನ್ನೊಂದನ್ನೂ ಗಮನಿಸಿ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಗೆರೆಯೂ ಚೂಪು. ದೀಪದತ್ತ ಹಿಂದಕ್ಕೆ ಎಳೆದರೆ ಹಿಗ್ಗಿ ಮಸುಕಾಗುತ್ತದೆ. ಒಂದು ದೃಶ್ಯದಲ್ಲಿ ರಾಮ ದೊಡ್ಡವನು, ಮುಂದಿನದರಲ್ಲಿ ಕಾರಣವಿಲ್ಲದೆ ಚಿಕ್ಕವನು ಎಂದಾದರೆ ಪ್ರೇಕ್ಷಕರ ಗತಿ ಏನು? ಫೋನಿನ ಪರದೆಯಲ್ಲಿ ನಮಗೆ ಆಗುತ್ತಿರುವುದು ಅದೇ.

ಒಂದು ಮೆಟ್ಟಿಲು ತಪ್ಪಿದರೆ

ಮನೆ ಕಟ್ಟಿಸಿದ ತಂದೆತಾಯಿಗಳಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲ ಮೆಟ್ಟಿಲೂ ಒಂದೇ ಎತ್ತರವಿದ್ದರೆ ಕಾಲು ತಾನೇ ಲೆಕ್ಕ ಹಿಡಿದು, ಕತ್ತಲಲ್ಲೂ ಹತ್ತುತ್ತದೆ. ಒಂದೇ ಒಂದು ಮೆಟ್ಟಿಲು ಒಂದು ಅಂಗುಲ ಹೆಚ್ಚಾದರೆ ಸಾಕು, ಅಲ್ಲೇ ಎಡವುತ್ತೇವೆ. ಎಡವಿದವನನ್ನು ‘ನೋಡಿಕೊಂಡು ನಡೆಯಬಾರದೇ’ ಎಂದು ಬೈಯುವುದು ಲೋಕರೂಢಿ. ತಪ್ಪು ಮಾತ್ರ ಮೆಟ್ಟಿಲು ಕಟ್ಟಿದವನದು.

ದೊಡ್ಡದೊಂದು ಆ್ಯಪನ್ನು ಒಬ್ಬರೇ ಮಾಡುವುದಿಲ್ಲ. ಹತ್ತಾರು ಮಂದಿ, ಹಲವು ವರ್ಷ ಕೈ ಹಾಕಿರುತ್ತಾರೆ. ನೆರಳಿಗೆ ಬೇಕಾದ ಸೂಚನೆ ಬಹಳ ಸರಳ: ಪಕ್ಕಕ್ಕೆ ಎಷ್ಟು, ಕೆಳಕ್ಕೆ ಎಷ್ಟು, ಮಸುಕು ಎಷ್ಟು, ಹರವು ಎಷ್ಟು, ಬಣ್ಣ ಎಷ್ಟು ಗಾಢ. ಸರಳವಾದ್ದರಿಂದಲೇ ಅಪಾಯ. ಒಬ್ಬರು ಕಣ್ಣಳತೆಯಲ್ಲಿ ಮೂರು ಎಂದು ಬರೆದರೆ ಇನ್ನೊಬ್ಬರು ಐದು ಎನ್ನುತ್ತಾರೆ. ಮತ್ತೊಬ್ಬರು ‘ಚೆನ್ನಾಗಿ ಕಾಣಲಿ’ ಎಂದು ಹದಿನೈದು ಮಾಡುತ್ತಾರೆ. ಒಬ್ಬರ ದೀಪ ಎಡಗಡೆ, ಇನ್ನೊಬ್ಬರದು ಬಲಗಡೆ. ದಾರ ಕಟ್ಟಿ ಮಟ್ಟ ನೋಡದೆ ಆರು ಜನ ಮೇಸ್ತ್ರಿಗಳು ಒಂದೇ ಗೋಡೆ ಕಟ್ಟಿದ ಹಾಗೆ!

ಫಲ ಏನು? ಬರಿಯ ಸೂಚನೆಯ ಫಲಕ ಎಲ್ಲಕ್ಕಿಂತ ಮೇಲೆ ತೇಲುತ್ತದೆ, ಮುಖ್ಯ ಬಟನ್ನು ನೆಲಕ್ಕಂಟಿ ಮಲಗುತ್ತದೆ. ಎಲ್ಲಕ್ಕೂ ನೆರಳು ಕೊಟ್ಟ ಪುಟದಲ್ಲಿ ಯಾವುದೂ ಮುಖ್ಯವಾಗಿ ಕಾಣುವುದಿಲ್ಲ. ಜಾತ್ರೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದಂತೆ. ನಮ್ಮ ತಾಲ್ಲೂಕಿನದೇ ಆದ ಸಾಣೇಹಳ್ಳಿಯಲ್ಲಿ ನಾಟಕ ನೋಡಿದವರು ಬೆಳಕಿನ ಬೆಲೆ ಬಲ್ಲರು. ರಂಗದ ಮೇಲೆ ಮಾತಾಡುವ ಪಾತ್ರದ ಮೇಲೆ ಬೆಳಕು ನಿಂತಾಗ ಇಡೀ ಸಭೆ ಅತ್ತ ನೋಡುತ್ತದೆ. ಹಿಂದೆ ನಿಂತವನ ಮೇಲೆ ಅದೇ ಬೆಳಕು ತಪ್ಪಿ ಬಿದ್ದರೆ ನಾವು ನೋಡುವುದು ಅವನನ್ನೇ.

ನೀವೇ ಒಂದು ಪಟ್ಟಿ ಮಾಡಿ

ವಿದ್ಯಾರ್ಥಿಗಳೇ, ಇದಕ್ಕೆ ಕಂಪ್ಯೂಟರ್ ಬೇಕೇಬೇಕೆಂದಿಲ್ಲ. ರಟ್ಟಿನ ನಾಲ್ಕು ಚೌಕ ಕತ್ತರಿಸಿ. ಒಂದನ್ನು ಬಿಳಿ ಹಾಳೆಯ ಮೇಲೆ ನೇರವಾಗಿ ಇಡಿ. ಉಳಿದವುಗಳ ಕೆಳಗೆ ಒಂದು, ಎರಡು, ನಾಲ್ಕು ಬೆಂಕಿಪೊಟ್ಟಣಗಳನ್ನು ಪೇರಿಸಿಡಿ. ಮೇಲಿನಿಂದ ಸ್ವಲ್ಪ ಓರೆಯಾಗಿ ಟಾರ್ಚ್ ಹಿಡಿದು, ಪ್ರತಿ ನೆರಳೂ ಎಷ್ಟು ಸರಿಯಿತು, ಅಂಚು ಎಷ್ಟು ಮಸುಕಾಯಿತು ಎಂದು ಅಳೆದು ಬರೆಯಿರಿ. ಆಮೇಲೆ ಒಂದು ಅರ್ಜಿಯ ಪುಟಕ್ಕೆ ಐದು ಹಂತ ಗೊತ್ತುಮಾಡಿ. ನಾನು ಗೊತ್ತುಮಾಡಿದ ಪಟ್ಟಿ ಹೀಗಿದೆ. ನಿಮ್ಮದು ಬೇರೆ ಇರಬಹುದು.

ನೆಲ: ಪುಟದ ಹಿನ್ನೆಲೆ, ಓದುವ ಬರಹ, ಸೂಚನೆಗಳು. ನೆರಳು ಸೊನ್ನೆ.

ಮೊದಲ ಹಂತ: ವಿವರ ತುಂಬುವ ಭಾಗಗಳ ಫಲಕ. ನೆರಳು ಕೆಳಕ್ಕೆ 1, ಮಸುಕು 3, ಗಾಢತೆ ನೂರಕ್ಕೆ 24.

ಎರಡನೆಯ ಹಂತ: ಒತ್ತುವ ಬಟನ್ನು. ಕೆಳಕ್ಕೆ 2, ಮಸುಕು 6, ಗಾಢತೆ 20.

ಮೂರನೆಯ ಹಂತ: ತೆರೆದುಕೊಳ್ಳುವ ಪಟ್ಟಿ, ಜಿಲ್ಲೆ, ತಾಲ್ಲೂಕು ಆರಿಸುವಾಗ ಬರುವಂಥದ್ದು. ಕೆಳಕ್ಕೆ 4, ಮಸುಕು 12, ಗಾಢತೆ 16.

ನಾಲ್ಕನೆಯ ಹಂತ: ‘ಅರ್ಜಿ ಇನ್ನೂ ಸಲ್ಲಿಕೆಯಾಗಿಲ್ಲ, ಈಗ ಸಲ್ಲಿಸಲೇ?’ ಎಂದು ಕೇಳುವ ಚೌಕ. ಕೆಳಕ್ಕೆ 8, ಮಸುಕು 24, ಗಾಢತೆ 12.

ಸೂತ್ರ ಗಮನಿಸಿದಿರಾ? ಸರಿಯುವ ದೂರ ಪ್ರತಿ ಹಂತಕ್ಕೂ ಇಮ್ಮಡಿ, ಮಸುಕು ಅದರ ಮೂರರಷ್ಟು, ಗಾಢತೆ ನಾಲ್ಕು ನಾಲ್ಕರಂತೆ ಕಡಿಮೆ. ಪಕ್ಕಕ್ಕೆ ಎಲ್ಲೂ ಸರಿಯುವುದಿಲ್ಲ, ಏಕೆಂದರೆ ನಮ್ಮ ದೀಪ ನಡುವೆ ಮೇಲಿದೆ.

ಇನ್ನೂ ಮೂರು ಮಾತು. ಹಂತಗಳಿಗೆ ‘ನೆಲ’, ‘ಫಲಕ’, ‘ಬಟನ್ನು’, ‘ಪಟ್ಟಿ’, ‘ಪ್ರಶ್ನೆ’ ಎಂದು ಹೆಸರಿಟ್ಟು, ಎಲ್ಲರೂ ಹೆಸರನ್ನೇ ಬಳಸಲಿ. ಅಂಕಿ ಒಂದೇ ಕಡೆ ಬರೆದಿರಲಿ. ನಾಳೆ ಬದಲಿಸಬೇಕಾದರೆ ಅಲ್ಲಿ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ಎರಡನೆಯದು, ವಸ್ತು ಹಂತ ಬದಲಿಸುವುದು ಯಾರಾದರೂ ಮುಟ್ಟಿದಾಗ ಮಾತ್ರ. ಬೆರಳು ತೆಗೆದ ಮೇಲೆ ಅದು ತನ್ನ ಜಾಗಕ್ಕೆ ಮರಳಬೇಕು. ಮೂರನೆಯದು, ಕಣ್ಣಿಗೆ ಮೇಲೆ ಕಂಡದ್ದು ನಿಜವಾಗಿಯೂ ಮೇಲಿರಬೇಕು. ದೊಡ್ಡ ನೆರಳಿನ ಚೌಕದ ಮೇಲೆ ಚಿಕ್ಕ ನೆರಳಿನ ಪಟ್ಟಿ ಹಾದುಹೋದರೆ ಕಣ್ಣು ಗೊಂದಲಕ್ಕೆ ಬೀಳುತ್ತದೆ.

ಕತ್ತಲಲ್ಲಿ, ಬಿಸಿಲಲ್ಲಿ, ಅಜ್ಜನ ಕಣ್ಣಲ್ಲಿ

ಇಷ್ಟಕ್ಕೇ ಮುಗಿಯಲಿಲ್ಲ. ಈಗಿನ ಫೋನುಗಳಲ್ಲಿ ಕಪ್ಪು ಹಿನ್ನೆಲೆಯ ಪರದೆಯನ್ನೂ ಆರಿಸಿಕೊಳ್ಳಬಹುದು. ಕಪ್ಪಿನ ಮೇಲೆ ಕಪ್ಪು ನೆರಳು ಕಾಣುವುದು ಹೇಗೆ? ಅಮಾವಾಸ್ಯೆಯ ರಾತ್ರಿ ನೆರಳು ಹುಡುಕಿದಂತೆ! ಅದಕ್ಕೆ ಬೇರೆ ಉಪಾಯವಿದೆ. ಎತ್ತರ ಹೆಚ್ಚಿದಷ್ಟೂ ಹಾಳೆಯ ಬಣ್ಣವನ್ನು ತುಸು ತಿಳಿಗೊಳಿಸುವುದು. ದೀಪಕ್ಕೆ ಹತ್ತಿರವಾದದ್ದು ಹೆಚ್ಚು ಬೆಳಗುತ್ತದೆ ಎಂಬ ತರ್ಕ. 2019ರಲ್ಲಿ ಗೂಗಲ್ ಕೊಟ್ಟ ಲೆಕ್ಕದಲ್ಲಿ 1 ಡಿ.ಪಿ. ಎತ್ತರಕ್ಕೆ ನೂರಕ್ಕೆ 5ರಷ್ಟು ಬಿಳಿಯ ಲೇಪ, 24ಕ್ಕೆ ನೂರಕ್ಕೆ 16ರಷ್ಟು. ವಿಧಾನ ಬದಲಾದರೂ ಮೆಟ್ಟಿಲ ಕ್ರಮ ಬದಲಾಗಲಿಲ್ಲ.

ಇನ್ನು ಹೊಲದ ಬಿಸಿಲಲ್ಲಿ ಫೋನು ನೋಡುವವರು, ಪೊರೆ ಬಂದ ಕಣ್ಣಿನ ಅಜ್ಜ, ಗೀರು ಬಿದ್ದ ಹಳೆಯ ಗಾಜು. ಇವರಿಗೆ ತೆಳು ನೆರಳು ಕಾಣುವುದೇ ಇಲ್ಲ. ಆದ್ದರಿಂದ ನೆರಳೊಂದನ್ನೇ ನಂಬಿ ಕೂರುವಂತಿಲ್ಲ. ಜಾಲತಾಣಗಳು ಎಲ್ಲರಿಗೂ ಎಟುಕಬೇಕೆಂದು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಬಟನ್ನನ್ನು ಗುರುತಿಸಲು ಬೇಕಾದ ಅಂಚು ಅಥವಾ ಆಕಾರಕ್ಕೂ ಅದರ ಸುತ್ತಲಿನ ಬಣ್ಣಕ್ಕೂ ಕಡೇಪಕ್ಷ ಮೂರಕ್ಕೆ ಒಂದರಷ್ಟು ಹೊಳಪಿನ ವ್ಯತ್ಯಾಸವಿರಬೇಕು. ಸರಳವಾಗಿ ಹೇಳುವುದಾದರೆ: ಬಟನ್ನಿಗೆ ತುಂಬಿದ ಬಣ್ಣ, ಕಾಣುವ ಅಂಚು, ‘ಅರ್ಜಿ ಸಲ್ಲಿಸಿ’ ಎಂಬ ದಪ್ಪ ಅಕ್ಷರ ಇರಲಿ. ನೆರಳು ಅವುಗಳ ಜೊತೆಗಾರ, ಬದಲಿಯಲ್ಲ.

ತಂದೆತಾಯಿಗಳಿಗೆ ಒಂದು ಮಾತು

“ಇದನ್ನೂ ಓದುತ್ತಾರೆಯೇ? ಇದಕ್ಕೂ ಕೆಲಸವಿದೆಯೇ?” ಎಂದು ಕೇಳುವ ಪೋಷಕರಿದ್ದಾರೆ. ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಿಂದ ಇದೆ. ಬೆಂಗಳೂರಿನಲ್ಲೂ ಅದರ ಒಂದು ಶಾಖೆಯಿದೆ. ಮುಂಬೈ ಐಐಟಿಯಲ್ಲಿ ಕೈಗಾರಿಕಾ ವಿನ್ಯಾಸ ಕೇಂದ್ರ 1969ರಲ್ಲಿ ಆರಂಭವಾಯಿತು. ಹನ್ನೆರಡನೆಯ ತರಗತಿಯ ನಂತರ ವಿನ್ಯಾಸದ ಪದವಿಗೆ ಸೇರಲು 2015ರಿಂದ ‘ಯುಸೀಡ್’ ಎಂಬ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ವಿಜ್ಞಾನ, ವಾಣಿಜ್ಯ, ಕಲೆ ಯಾವ ವಿಭಾಗದವರೂ ಬರೆಯಬಹುದು. ಇಂಕ್‌ಸ್ಕೇಪ್, ಪೆನ್‌ಪಾಟ್‌ನಂಥ ತಂತ್ರಾಂಶಗಳನ್ನು ಹಣ ಕೊಡದೆ ಬಳಸಿ ಅಭ್ಯಾಸ ಮಾಡಬಹುದು.

ಆದರೆ ಚಿತ್ರ ಬಿಡಿಸಲು ಬಂದರೆ ಸಾಕು ಎಂದುಕೊಳ್ಳಬೇಡಿ. ಇಲ್ಲಿ ಬೇಕಾದದ್ದು ಭೌತವಿಜ್ಞಾನದ ಬೆಳಕಿನ ಪಾಠ, ಗಣಿತದ ಅನುಪಾತ, ಮನುಷ್ಯರನ್ನು ಗಮನಿಸುವ ತಾಳ್ಮೆ. ಕನ್ನಡದಲ್ಲಿ ಮಾತ್ರ ಓದಬಲ್ಲ, ಮೊದಲ ಸಲ ಸ್ಮಾರ್ಟ್‌ಫೋನು ಹಿಡಿದ ಮನುಷ್ಯನೊಬ್ಬ ಎಲ್ಲಿ ತಡವರಿಸುತ್ತಾನೆ ಎಂಬುದು ಹಳ್ಳಿಯ ಮನೆಯಲ್ಲಿ ಬೆಳೆದ ಮಕ್ಕಳಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಅದು ಕೊರತೆಯಲ್ಲ, ಬಂಡವಾಳ.

ಏಪ್ರಿಲ್ ಕೊನೆಯ ವಾರದಲ್ಲೊಂದು ದಿನ ನಮ್ಮ ಊರಿನಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಈ ಸಲ ಏಪ್ರಿಲಿನಲ್ಲಿ ಪಕ್ಕದ ಮನೆಯ ಹುಡುಗಿಯನ್ನು ಅಂಗಳಕ್ಕೆ ಕರೆದು ಅದನ್ನು ತೋರಿಸಿದೆ. ಜೊತೆಗೆ ರಟ್ಟು, ಬೆಂಕಿಪೊಟ್ಟಣಗಳ ಪ್ರಯೋಗವೂ ನಡೆಯಿತು. ಎಲ್ಲ ಅಳೆದು ಬರೆದ ಮೇಲೆ ಆಕೆ ಅಪ್ಪನ ಫೋನಿನಲ್ಲಿ ಹಳೆಯ ಆ ಅರ್ಜಿಯ ಪುಟವನ್ನು ತೆರೆದು ಬಹಳ ಹೊತ್ತು ನೋಡಿದಳು. “ಸಾರ್, ಈ ಚೌಕ ನಾಲ್ಕನೇ ಮೆಟ್ಟಿಲಲ್ಲಿದೆ, ನೆಲದಲ್ಲಿ ಇರಬೇಕಿತ್ತು. ಸಲ್ಲಿಸಿ ಅನ್ನೋದು ನೆಲದಲ್ಲಿದೆ, ಎರಡರಲ್ಲಿ ಇರಬೇಕಿತ್ತು” ಎಂದಳು.

‘ನಂದೇ ತಪ್ಪು’ ಎನ್ನುವ ಮಾತು ಈ ಸಲ ಬರಲಿಲ್ಲ. ಹೊಸ ವರ್ಷದ ಅರ್ಜಿಯನ್ನು ತುಂಬಿ, ಸಲ್ಲಿಕೆಯಾದ ರಸೀದಿಯ ಸಂಖ್ಯೆಯನ್ನು ಅಪ್ಪನ ಡೈರಿಯಲ್ಲಿ ಬರೆದಿಟ್ಟಿದ್ದಾಳೆ.